ಕೇಳಲಾಗದ ಮಾತು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ನೊಂದವರು ಅಲ್ಲಿಗೆ ಬಂದು, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ಹೋಗುತ್ತಿದ್ದರು. ಕೇಳಿಸಿಕೊಳ್ಳಲು ಆರು ಜನ ಶಿಷ್ಯರಿದ್ದರು.

ಅವರಿಗೆ ಆ ವಿದ್ಯೆ ಕಲಿಸುತ್ತಿದ್ದವಳು ಕೆಂಪಾಜಮ್ಮ. ಎಪ್ಪತ್ತು ದಾಟಿದ ಹೆಂಗಸು. ಎಲ್ಲರೂ ಅವಳನ್ನು ಅವ್ವ ಎನ್ನುತ್ತಿದ್ದರು.

ಅವ್ವನ ಪಾಠ ಚಿಕ್ಕದು. "ಬಂದವರ ಎದುರಿಗೆ ಕೂತ್ಕೊಳ್ಳಿ. ಬಾಯಿ ಮುಚ್ಚಿಕೊಳ್ಳಿ. ಅವರು ಮುಗಿಸೋವರೆಗೂ ಏಳಬೇಡಿ."

ಇಷ್ಟನ್ನು ಕಲಿಯಲು ಕೆಲವರಿಗೆ ಮೂರು ವರ್ಷ ಬೇಕಾಗುತ್ತಿತ್ತು. ರಾಜಮಣಿ ಒಂದೇ ವರ್ಷದಲ್ಲಿ ಕಲಿತಳು.

ಅವಳಿಗೆ ಇಪ್ಪತ್ತಾರು ವರ್ಷ. ಎಡಗೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಆಶ್ರಮಕ್ಕೆ ಸೇರಿದ ದಿನ ಅವ್ವ ಆ ಕೈ ನೋಡಿ ಏನಾಯಿತೆಂದು ಕೇಳಿದ್ದಳು. "ಅಪ್ಪ ಹೊಡೀತಿದ್ದ" ಎಂದಷ್ಟೇ ಹೇಳಿ ರಾಜಮಣಿ ಬೇರೆ ಮಾತು ತೆಗೆದಿದ್ದಳು.

ಅವಳ ಎದುರಿಗೆ ಕೂತವರು ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಅವಳು ಅಲುಗುತ್ತಿರಲಿಲ್ಲ. ಅಳುವವರು ಅತ್ತು ಮುಗಿಸುವವರೆಗೆ ಕಾಯುತ್ತಿದ್ದಳು.

"ಇಷ್ಟು ಬೇಗ ಹೇಗೆ ಬಂತು ನಿನಗೆ?" ಎಂದು ಅವ್ವ ಒಮ್ಮೆ ಆಶ್ಚರ್ಯಪಟ್ಟು ಕೇಳಿದ್ದಳು. ರಾಜಮಣಿ ಚಾಪೆ ಸುತ್ತಿಕೊಂಡು ಎದ್ದುಹೋಗಿದ್ದಳು.

ಒಂದು ಮಧ್ಯಾಹ್ನ ಗಾರೆ ಕೆಲಸದವನೊಬ್ಬ ಬಂದ. ಹೆಸರು ಮರಿಸ್ವಾಮಿ. ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿದ್ದ. ಕಾಲ್ಬೆರಳ ಸಂದಿಯಲ್ಲಿ ಮಾತ್ರ ಸಿಮೆಂಟು ಒಣಗಿ ನಿಂತಿತ್ತು.

ಜಗುಲಿಯಲ್ಲಿ ಜವರಯ್ಯ ಕೂತಿದ್ದ. ಶಿಷ್ಯರಲ್ಲೆಲ್ಲ ಹಿರಿಯ ಅವನು. ಬಂದವನನ್ನು ಕೂರಿಸಿ, ಯಾವ ಊರು, ಏನು ವಿಷಯ ಎಂದು ವಿಚಾರಿಸಿದ. ಮರಿಸ್ವಾಮಿ ತಲೆ ತಗ್ಗಿಸಿಕೊಂಡು ಎರಡು ಮಾತು ಹೇಳಿದ.

ಬಾಗಿಲ ಬಳಿ ನಿಂತಿದ್ದ ಅವ್ವನಿಗೂ ಅದು ಕೇಳಿಸಿತು. ಅವಳು ಒಂದು ಗಳಿಗೆ ಯೋಚಿಸಿದಳು.

"ನೀನು ಬೇಡ ಜವರಯ್ಯ. ಇವನನ್ನ ರಾಜಮಣಿ ಹತ್ತಿರ ಕಳಿಸು" ಎಂದಳು.

ರಾಜಮಣಿ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಮರಿಸ್ವಾಮಿ ಎದುರಿಗೆ ಬಂದು ಕೂತ.

"ಹೇಳಿ" ಎಂದಳು.

ಅವನು ಕಾಲ್ಬೆರಳ ಸಂದಿಯ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತಾ ಕೂತ. ಅವಳು ಕಾದಳು.

"ನಾನು ನನ್ನ ಮಗಳಿಗೆ ಹೊಡೀತೀನಿ ತಾಯಿ."

ರಾಜಮಣಿ ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು.

"ಆಗ ನಾನು ಕುಡಿದಿರಲ್ಲ. ಕುಡಿದಿದ್ರೆ ಹೆಂಡದ ಮೇಲಾದ್ರೂ ಹಾಕಬಹುದಿತ್ತು. ಅನ್ನ ಸೀದ್ರೆ ಕೈ ಏಳತ್ತೆ. ಎದುರು ಮಾತಾಡಿದ್ರೆ ಏಳತ್ತೆ. ಮಾತಾಡದೆ ಸುಮ್ಮನಿದ್ರೂ ಏಳತ್ತೆ."

"ಯಾತರಲ್ಲಿ ಹೊಡೀತೀರ?"

ಕೇಳಿಸಿಕೊಳ್ಳುವವರು ಕೇಳಬಾರದ ಪ್ರಶ್ನೆ ಅದು. ರಾಜಮಣಿಗೆ ಗೊತ್ತಿತ್ತು. ಆದರೂ ಬಾಯಿಂದ ಬಂದುಬಿಟ್ಟಿತು.

"ಬೆಲ್ಟಲ್ಲಿ. ಒಂದೊಂದ್ಸಲ ಕೈಗೆ ಸಿಕ್ಕಿದ್ದರಲ್ಲಿ."

"ಹೊಡೆದಾದ ಮೇಲೆ?"

"ಹೊಡೆದಾದ ಮೇಲೆ ಅಳ್ತೀನಿ ತಾಯಿ. ಆ ಮಗು ಕಾಲು ಹಿಡ್ಕೊಂಡು ಅಳ್ತೀನಿ. ಪಾಪ, ಅವಳೇ ನನ್ನ ಸಮಾಧಾನ ಮಾಡ್ತಾಳೆ. ಬಿಡಪ್ಪ, ಬಿಡಪ್ಪ ಅಂತಾಳೆ."

ಅಷ್ಟು ಹೇಳಿ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ರಾಜಮಣಿ ಎದ್ದು ನಿಂತಳು.

"ಏಳು" ಎಂದಳು.

ಅವನು ತಲೆ ಎತ್ತಿ ನೋಡಿದ.

"ಏಳು ಮೇಲೆ. ಇಲ್ಲಿ ಅಳಬೇಡ. ಹೊಡೆಯೋದೂ ನೀನೇ, ಅಳೋದೂ ನೀನೇ. ಕಣ್ಣು ಒರೆಸೋಕೆ ಮಾತ್ರ ಬೇರೆಯವರು ಬೇಕು ನಿನಗೆ. ಆಚೆ ನಡಿ."

"ಬಿಟ್ಟುಬಿಡಬೇಕು ಅಂತಲೇ ಬಂದಿದ್ದು ತಾಯಿ ನಾನು. ಹೇಗೆ ಬಿಡೋದು ಅಂತ..."

"ನಡಿ ಅಂದೆ!"

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಆಶ್ರಮದ ಕಡೆ ನೋಡಿದರು.

ಮರಿಸ್ವಾಮಿ ಎದ್ದ. ಚಪ್ಪಲಿ ಮೆಟ್ಟಲೂ ಇಲ್ಲ. ಕೈಯಲ್ಲಿ ಹಿಡಿದುಕೊಂಡೇ ಹೊರಟುಹೋದ.

ಸಂಜೆ ರಾಜಮಣಿ ತಾನಾಗಿಯೇ ಅವ್ವನ ಮುಂದೆ ಬಂದು ನಿಂತಳು.

"ನಾನು ತಪ್ಪು ಮಾಡಿಲ್ಲ" ಎಂದಳು.

"ನಾನು ಏನೂ ಕೇಳಲಿಲ್ಲವಲ್ಲ" ಎಂದಳು ಅವ್ವ.

"ಅಂಥವನ ಎದುರಿಗೆ ಬಾಯಿ ಮುಚ್ಚಿಕೊಂಡು ಕೂರು ಅಂದ್ರೆ ನಾನು ಕೂರಲ್ಲ. ಇಷ್ಟು ದಿನದಲ್ಲಿ ಆ ಮಗು ಪರವಾಗಿ ಒಬ್ಬರೂ ಬಾಯಿ ಬಿಟ್ಟಿಲ್ಲ. ಒಬ್ಬರಾದ್ರೂ ಕೂಗಬೇಕಿತ್ತು. ನಾನು ಕೂಗಿದೆ."

"ಆ ಮಗು ಹೆಸರೇನು?"

"ಅದನ್ನ ನಾನು ಕೇಳಲಿಲ್ಲ."

"ವಯಸ್ಸೆಷ್ಟು?"

"ಗೊತ್ತಿಲ್ಲ."

"ಈಗ ಮನೆಯಲ್ಲಿ ಅವಳ ಜೊತೆ ಯಾರಿದ್ದಾರೆ?"

"ಗೊತ್ತಿಲ್ಲ ಅಂದೆನಲ್ಲ."

"ಹಾಗಾದರೆ ಯಾವ ಮಗು ಪರವಾಗಿ ಕೂಗಿದೆ?"

ರಾಜಮಣಿ ಉರಿಯುವ ಕಣ್ಣಿನಿಂದ ಅವಳನ್ನು ನೋಡಿದಳು. ತಿರುಗಿ ಹೊರಗೆ ನಡೆದಳು.

ಬೆಳಗಾಗುತ್ತಲೇ ಜವರಯ್ಯನ ಹತ್ತಿರ ಹೋದಳು.

"ನಿನ್ನೆ ಬಂದಿದ್ದನಲ್ಲ, ಅವನ ಊರು ಯಾವುದಣ್ಣ?"

"ಬಿಳಿಗಲ್ಲಹುಂಡಿ ಅಂದ. ಯಾಕಮ್ಮ?"

"ಹೋಗಿ ಬರ್ತೀನಿ."

ಎರಡು ಗಂಟೆಯ ದಾರಿ. ಊರ ಮುಂದಿನ ಪೆಟ್ಟಿಗೆ ಅಂಗಡಿಯಲ್ಲಿ, ಗಾರೆ ಮರಿಸ್ವಾಮಿಯ ಮನೆ ಎಲ್ಲಿ ಎಂದು ಕೇಳಿದಳು. ಅಂಗಡಿಯವನು ಬೀದಿಯ ಕಡೆ ಕೈ ತೋರಿಸಿ ಮುಖ ತಿರುಗಿಸಿಕೊಂಡ. ಅಲ್ಲಿ ಕೂತಿದ್ದ ಇನ್ನಿಬ್ಬರು ನೆಲ ನೋಡಿದರು.

ಇವರಿಗೆಲ್ಲ ಗೊತ್ತಿದೆ ಎಂದು ರಾಜಮಣಿಗೆ ಅರ್ಥವಾಯಿತು. ಅವಳ ಊರಿನಲ್ಲೂ ಎಲ್ಲರಿಗೂ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಮುಂದೆ ನಡೆದಳು.

ಬೀದಿ ನಲ್ಲಿಯ ಹತ್ತಿರ ಒಬ್ಬಳು ಹುಡುಗಿ ಎಡಗೈ ಒಂದರಲ್ಲೇ ಕೊಡ ಎತ್ತಲು ಒದ್ದಾಡುತ್ತಿದ್ದಳು. ಬಲಗೈಯ ಮಣಿಕಟ್ಟು ಊದಿಕೊಂಡು ನೀಲಿಯಾಗಿತ್ತು.

"ನಿನ್ನ ಹೆಸರೇನಮ್ಮ?"

"ತುಳಸಿ."

"ಎಷ್ಟು ವರ್ಷ?"

"ಹನ್ನೆರಡು. ನೀವ್ಯಾರು?"

"ಹೊಳೆದಂಡೆ ಆಶ್ರಮದವಳು."

ಹುಡುಗಿ ಕೊಡ ಕೆಳಗಿಟ್ಟಳು. ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನಮ್ಮಪ್ಪನ್ನ ಆಚೆ ಹಾಕಿದ್ದು ನೀವೇನಾ?"

"ನಾನೇ."

"ಯಾಕೆ?"

"ಕೋಪ ಬಂತು."

"ಅಪ್ಪನಿಗೂ ಕೋಪ ಬಂತು" ಎಂದು ತುಳಸಿ ಬಲಗೈ ಮುಂದೆ ಚಾಚಿದಳು. "ನೋಡಿ."

ರಾಜಮಣಿ ನೋಡಿದಳು.

"ಎರಡು ತಿಂಗಳು ಹೇಳಿ ಹೇಳಿ ಅಮ್ಮ ಅವನನ್ನ ಒಪ್ಪಿಸಿದ್ಲು. ಸ್ನಾನ ಮಾಡಿ, ಮದುವೆಗೆ ಹೋಗೋ ಹಾಗೆ ಬಿಳಿ ಷರ್ಟು ಹಾಕ್ಕೊಂಡು ನಿಮ್ಮಲ್ಲಿಗೆ ಬಂದ. ನಾನೇ ಇಸ್ತ್ರಿ ಮಾಡಿಸ್ಕೊಂಡು ಬಂದಿದ್ದೆ. ವಾಪಸ್ಸು ಬಂದವನು, ಅಲ್ಲೂ ನನ್ನ ಓಡಿಸಿದ್ರು, ಎಲ್ಲ ನಿನ್ನಿಂದಲೇ ಅಂದ." ಹುಡುಗಿ ಅಳುತ್ತಿರಲಿಲ್ಲ. "ನಿಮಗೆ ಕೋಪ ಬಂತು, ಬೈದ್ರಿ. ಏಟು ಯಾರಿಗೆ ಬಿತ್ತು?"

ರಾಜಮಣಿಯ ಕೈ ತಾನಾಗಿಯೇ ರವಿಕೆಯ ಎಡತೋಳಿನ ಕಡೆ ಹೋಯಿತು. ತೋಳು ಮೇಲೆತ್ತಿ, ನೆಟ್ಟಗಾಗದ ಆ ಮೊಣಕೈ ತೋರಿಸಬೇಕು, ನನಗೂ ಹೀಗೇ ಆಗಿತ್ತು ಎನ್ನಬೇಕು ಅನ್ನಿಸಿತು.

ಅರ್ಧ ಎತ್ತಿದವಳು ತೋಳನ್ನು ಕೆಳಗೆ ಬಿಟ್ಟಳು. ಈಗ ಇದನ್ನು ತೋರಿಸಿದರೆ ಈ ಹುಡುಗಿಯೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದುಕೊಂಡಳು.

"ತಪ್ಪಾಯ್ತು ತುಳಸಿ."

"ಅಪ್ಪನೂ ಹಂಗೇ ಅಂತಾನೆ."

ನಲ್ಲಿ ನೀರು ಸುರಿಯುತ್ತಲೇ ಇತ್ತು. ರಾಜಮಣಿ ನಲ್ಲಿ ನಿಲ್ಲಿಸಿದಳು. ಕೊಡ ಎತ್ತಿ ತನ್ನ ಸೊಂಟಕ್ಕಿಟ್ಟುಕೊಂಡಳು.

"ನಾನು ಏನು ಮಾಡ್ಲಿ, ನೀನೇ ಹೇಳು" ಎಂದಳು.

ತುಳಸಿ ಅವಳ ಮುಖವನ್ನೇ ನೋಡಿದಳು. ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿದಂತಿರಲಿಲ್ಲ.

"ಕೈ ತುಂಬಾ ನೋಯ್ತಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗಿ. ಆದ್ರೆ ಈ ಸಲ ಬಿದ್ದೆ ಅಂತ ನಾನು ಹೇಳಲ್ಲ."

"ಹೇಳಬೇಡ."

ಮನೆಯಲ್ಲಿ ಮರಿಸ್ವಾಮಿ ಇರಲಿಲ್ಲ, ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಮಂಗಳಮ್ಮ ಬಾಗಿಲಿಗೆ ಬಂದಳು. ಮಗಳ ಕೈ ಕಡೆ ನೋಡದೆ, "ಜಾರಿ ಬಿದ್ಲು ಕಣಕ್ಕ" ಎಂದಳು.

"ಬೀಳಲಿಲ್ಲ" ಎಂದಳು ತುಳಸಿ.

ಮಂಗಳಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಮಗಳ ಕೈ ನೋಡಿದಳು. ಆಮೇಲೆ ಒಳಗೆ ಹೋಗಿ, ಸೆರಗು ಹೊದ್ದುಕೊಂಡು, ಬಾಗಿಲು ಎಳೆದುಕೊಂಡು ಬಂದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಹುಡುಗಿಯ ಕೈ ಮುಟ್ಟಿ ನೋಡಿದರು.

"ಹೇಗಾಯ್ತು?"

ಮಂಗಳಮ್ಮ ತಲೆ ತಗ್ಗಿಸಿದಳು. ರಾಜಮಣಿ ಹುಡುಗಿ ಕೂತಿದ್ದ ಬೆಂಚು ನೋಡಿದಳು. ಒಂಬತ್ತು ವರ್ಷದವಳಿದ್ದಾಗ ಇಂಥದೇ ಬೆಂಚಿನ ಮೇಲೆ ಕೂತು, ಅಟ್ಟದ ಏಣಿಯಿಂದ ಬಿದ್ದೆ ಎಂದು ಅವಳು ಹೇಳಿದ್ದಳು. ಅಪ್ಪ ಪಕ್ಕದಲ್ಲೇ ನಿಂತಿದ್ದ.

"ಅಪ್ಪ ಹೊಡೆದ" ಎಂದಳು ತುಳಸಿ. "ಗಾರೆ ಸಮ ಮಾಡೋ ಮಟ್ಟಗೋಲಲ್ಲಿ."

ಡಾಕ್ಟರಮ್ಮನ ಪೆನ್ನು ನಿಂತಿತು. ಆಮೇಲೆ ಹುಡುಗಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು. ಮೂಳೆ ಬಿರುಕು ಬಿಟ್ಟಿತ್ತು, ಬ್ಯಾಂಡೇಜು ಹಾಕಿದರು. ಪೊಲೀಸಿನವರಿಗೂ ಹೇಳಿ ಕಳಿಸಿದರು. ಒಬ್ಬ ಜಮಾದಾರ ಬಂದು ಮೂವರನ್ನೂ ವಿಚಾರಿಸಿ ಬರೆದುಕೊಂಡು ಹೋದ.

ಹೊರಗೆ ಮೆಟ್ಟಿಲ ಮೇಲೆ ಮಂಗಳಮ್ಮ ಕುಸಿದು ಕೂತಳು.

"ಈಗ ಮನೆಗೆ ಹೋದ್ರೆ ಏನಾಗತ್ತೋ."

"ಹೋಗಬೇಡಿ" ಎಂದಳು ರಾಜಮಣಿ.

"ಮತ್ತೆಲ್ಲಿಗೆ ಹೋಗ್ಲಕ್ಕ?"

"ನನ್ನ ಜೊತೆ ಬನ್ನಿ."

ಅವ್ವನನ್ನು ಕೇಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಆಶ್ರಮಕ್ಕೆ ಬಂದಾಗ ಹೊತ್ತು ಇಳಿದಿತ್ತು. ಅವ್ವ ಯಾರು ಏನು ಎಂದು ಕೇಳಲಿಲ್ಲ. ತಾಯಿ ಮಗಳಿಗೆ ಕೋಣೆ ತೋರಿಸಿ, ಒಲೆ ಹಚ್ಚಲು ಹೋದಳು.

ಜವರಯ್ಯ ಹುಡುಗಿಯ ಕೈ ನೋಡಿದ. ನೋಡಿ, ಜಗುಲಿಯ ಮೂಲೆಗೆ ಹೋಗಿ ಕೂತ. ರಾಜಮಣಿ ಹತ್ತಿರ ಹೋದಳು.

"ಯಾಕಣ್ಣ?"

"ಅವನು ಮೊದಲು ಬಂದಿದ್ದು ನನ್ನ ಹತ್ರ. ನಾನೇ ಕೇಳಿದ್ದಿದ್ರೆ ಆ ಮಗು ಕೈ ಉಳೀತಿತ್ತೋ ಏನೋ."

"ಮತ್ತೆ ನನ್ನ ಹತ್ತಿರ ಯಾಕೆ ಕಳಿಸಿದೆ?"

"ನಾನಲ್ಲ. ಅವ್ವ ಕಳಿಸು ಅಂದ್ರು. ಅವನು ಯಾಕೆ ಬಂದಿದ್ದು ಅಂತ ಕೇಳಿಸಿಕೊಂಡು, ನೀನು ಬೇಡ, ರಾಜಮಣಿ ಹತ್ರ ಕಳಿಸು ಅಂದ್ರು."

ರಾಜಮಣಿ ಅಡುಗೆಮನೆಯ ಕಡೆ ನೋಡಿದಳು.

"ಗೊತ್ತಿದ್ದೂ?"

ಜವರಯ್ಯ ತನ್ನಷ್ಟಕ್ಕೆ ತಾನೇ ಅಂದುಕೊಂಡ ಹಾಗೆ ಹೇಳಿದ.

"ನನ್ನ ತಮ್ಮನ್ನ ನೇಣಿಂದ ಇಳಿಸಿದವನು ನಾನು. ಅಂಥ ಮನೆಯವರು ಇಲ್ಲಿಗೆ ಬರ್ತಾರಲ್ಲ, ಅವರ ಮಾತು ಕೇಳಿದ ಮೇಲೆ ಮೂರು ದಿನ ನನಗೆ ಅನ್ನ ಸೇರಲ್ಲ."

"ಅವ್ವನಿಗೆ ಹೇಳಿದ್ದೀಯಾ?"

"ಹೇಳಿ? ಈ ಕೆಲಸ ನಿನಗಲ್ಲ, ಮನೆಗೆ ಹೋಗು ಅಂದುಬಿಟ್ರೆ?"

ರಾಜಮಣಿ ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತಳು. ಅವ್ವ ಒಲೆಯ ಮುಂದೆ ಕೂತಿದ್ದಳು.

"ನಾನು ಎಂಥವಳು ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಅವನನ್ನ ನನ್ನ ಹತ್ತಿರ ಕಳಿಸಿದ್ರಿ."

"ಕಳಿಸಿದೆ."

"ಯಾಕೆ?"

"ನಿನ್ನೊಳಗೆ ಇರೋದು ಒಂದು ಸಲ ಹೊರಗೆ ಬರಲಿ ಅಂತ. ಬಂದರೆ ಹಗುರಾಗ್ತೀಯ ಅಂದುಕೊಂಡೆ."

"ಯಾರನ್ನ ಕೇಳಿ ಅಂದುಕೊಂಡ್ರಿ?"

ಅವ್ವ ಒಲೆಯಿಂದ ಕಣ್ಣೆತ್ತಿದಳು.

"ನನಗೆ ಆಗ ಒಂಬತ್ತು ವರ್ಷ" ಎಂದಳು ರಾಜಮಣಿ. "ಅಪ್ಪ ಸೌದೆ ಸೀಳಲ್ಲಿ ಹೊಡೆಯೋನು. ಹೊಡೆದಾದ ಮೇಲೆ ನನ್ನ ತೊಡೆ ಮೇಲೆ ತಲೆ ಇಟ್ಟು ಅಳೋನು. ಒಂದು ಕೈ ಮುರಿದಿದೆ, ಇನ್ನೊಂದು ಕೈಯಲ್ಲಿ ಅವನ ತಲೆ ಸವರಬೇಕು ನಾನು. ಬಾಯಿ ಮುಚ್ಚಿಕೊಂಡು ಕೂರಬೇಕು. ಅವನು ಅತ್ತು ಮುಗಿಸೋವರೆಗೂ ಏಳೋ ಹಾಗಿಲ್ಲ. ನಿಮ್ಮ ಪಾಠ ನನಗೆ ಒಂದೇ ವರ್ಷದಲ್ಲಿ ಹೇಗೆ ಬಂತು ಅಂತ ಆಶ್ಚರ್ಯಪಟ್ರಲ್ಲ? ಹೀಗೆ ಬಂತು."

ಅವ್ವನ ಕೈಯಲ್ಲಿದ್ದ, ಒಲೆ ಊದುವ ಕೊಳಪೆ ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಆ ಜಾಗದಿಂದ ಎದ್ದು ಓಡಿಬಂದೋಳು ನಾನು. ನೀವು ಮತ್ತೆ ಅಲ್ಲೇ ಕೂರಿಸಿದ್ರಿ. ಅದಕ್ಕೆ ಪಾಠ ಅಂತ ಹೆಸರಿಟ್ರಿ. ನನ್ನ ಗಾಯ ನಿಮಗೆ ಪ್ರಯೋಗ ಮಾಡೋ ವಸ್ತುವಾ? ಅಲ್ಲಿ ಜವರಣ್ಣ ಮೂರು ಮೂರು ದಿನ ಉಪವಾಸ ಇರ್ತಾನೆ, ಅದಾದ್ರೂ ಗೊತ್ತಾ ನಿಮಗೆ? ಊರವರ ಗೋಳೆಲ್ಲ ಕೇಳಿಸಿಕೊಳ್ಳೋ ಆಶ್ರಮ ಇದು. ಇಲ್ಲಿರೋರ ಗೋಳು ಯಾರು ಕೇಳಬೇಕು?"

ಹಿತ್ತಲಿನಿಂದ, ಜಗುಲಿಯಿಂದ ಉಳಿದ ಶಿಷ್ಯರು ಬಂದು ಬಾಗಿಲ ಹೊರಗೆ ನಿಂತಿದ್ದರು. ಗುರುವಿನ ಎದುರಿಗೆ ಹೀಗೆ ಕೂಗಿದವರನ್ನು ಅವರು ಹಿಂದೆ ಕಂಡಿರಲಿಲ್ಲ.

ಅವ್ವ ಗೋಡೆ ಹಿಡಿದುಕೊಂಡು ಎದ್ದಳು.

"ಬಾ, ಕೂತ್ಕೊ. ನಾನು ಕೇಳ್ತೀನಿ, ಹೇಳು."

"ಬೇಡ. ನಿಮಗೆ ಹೇಳಲ್ಲ."

"ಸರಿ" ಎಂದಳು ಅವ್ವ.

ಅವಳು ಹೊರಗೆ ಬಂದು ಜಗುಲಿಯ ಮೇಲೆ ಕೂತಳು. ಎಲ್ಲರನ್ನೂ ಹತ್ತಿರ ಕರೆದಳು. ರಾಜಮಣಿ ದೂರದಲ್ಲಿ ಕಂಬಕ್ಕೆ ಒರಗಿ ನಿಂತೇ ಇದ್ದಳು.

"ಇವಳ ನೋವು ಗೊತ್ತಿದ್ದೂ, ಇವಳನ್ನ ಒಂದು ಮಾತೂ ಕೇಳದೆ, ಮಗಳನ್ನ ಹೊಡೆಯೋನನ್ನ ಇವಳ ಎದುರಿಗೆ ಕೂರಿಸಿದೆ" ಎಂದಳು ಅವ್ವ. "ಅದರಿಂದ ಆ ಒಳಗಿರೋ ಹುಡುಗಿ ಕೈ ಮುರೀತು. ಇದು ನನ್ನ ತಪ್ಪು. ರಾಜಮಣಿದಲ್ಲ."

"ನನ್ನದೂ ಇದೆ" ಎಂದಳು ರಾಜಮಣಿ ಬಿರುಸಾಗಿ. "ನನ್ನ ಪಾಲನ್ನ ನೀವು ತಗೋಬೇಡಿ."

ಅವ್ವ ಅವಳ ಕಡೆ ನೋಡಿ ತಲೆಯಾಡಿಸಿದಳು. ಆಮೇಲೆ ಉಳಿದವರನ್ನು ನೋಡಿದಳು.

"ಯಾವ ಮಾತು ನಿಮ್ಮ ಕೈಲಿ ಕೇಳೋಕಾಗಲ್ಲವೋ ಅದನ್ನ ಹೇಳಿ. ಯಾಕೆ ಅಂತ ಹೇಳಬೇಕಾಗಿಲ್ಲ."

ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಜವರಯ್ಯ ಗಂಟಲು ಸರಿಮಾಡಿಕೊಂಡ.

"ನೇಣು" ಎಂದ. ಅಷ್ಟೇ ಹೇಳಿ, ಅವ್ವ ಏನನ್ನುತ್ತಾಳೋ ಎಂದು ಹೆದರಿ ಕಾದ.

"ಸರಿ. ಇನ್ನು ಅಂಥವರು ನಿನ್ನ ಹತ್ತಿರ ಬರಲ್ಲ" ಎಂದಳು ಅವ್ವ. "ನೀನು ಎಲ್ಲೂ ಹೋಗಬೇಕಾಗಿಲ್ಲ."

ಜವರಯ್ಯ ಮುಖ ಆಚೆ ತಿರುಗಿಸಿಕೊಂಡ. ಅವನ ಬೆನ್ನು ಕುಲುಕುತ್ತಿತ್ತು.

ಅವನ ಪಕ್ಕದಲ್ಲಿದ್ದವಳು, ಎಳೆಗೂಸು ಕಳೆದುಕೊಂಡ ತಾಯಂದಿರು ಎಂದಳು. ಇನ್ನೊಬ್ಬ ಬಹಳ ಹೊತ್ತು ಯೋಚಿಸಿ, "ನಾನು ಹೇಳಲ್ಲ" ಎಂದ.

"ಹೇಳಬೇಡ. ಕೂರೋಕಾಗದಿದ್ದರೆ ಎದ್ದು ಬಂದುಬಿಡು. ಯಾರೂ ಕೇಳಲ್ಲ."

"ಹಾಗಾದರೆ ಅಂಥವರ ಮಾತನ್ನ ಕೇಳೋರು ಯಾರವ್ವ?" ಎಂದು ಅವನೇ ಕೇಳಿದ.

"ಆರು ಜನ ಇದ್ದೀರ. ಎಲ್ಲರಿಗೂ ಒಂದೇ ಕಡೆ ಗಾಯವಾಗಿಲ್ಲ."

ರಾಜಮಣಿ ಕಂಬದ ಹತ್ತಿರದಿಂದಲೇ ಕೇಳಿದಳು. "ನಿಮ್ಮ ಕೈಲಿ ಕೇಳೋಕಾಗದ್ದು ಯಾವುದು?"

ಶಿಷ್ಯರು ಅವ್ವನ ಕಡೆ ತಿರುಗಿದರು.

"ಈಗ ನೀನು ಅಡುಗೆಮನೆಯಲ್ಲಿ ಹೇಳಿದೆಯಲ್ಲ, ಅದು" ಎಂದಳು ಅವ್ವ. "ಮೂವತ್ತು ವರ್ಷದಿಂದ ಇಲ್ಲಿ ಕೂತಿದ್ದೀನಿ. ನೀನು ತಪ್ಪು ಮಾಡಿದೆ ಅಂತ ನನ್ನ ಮುಖಕ್ಕೆ ಹೇಳಿದವರಿಲ್ಲ. ಹೇಳೋಕೆ ನಾನು ಬಿಟ್ಟಿರಲೂ ಇಲ್ಲ."

ರಾಜಮಣಿಯ ಕೋಪ ಇಳಿಯಲಿಲ್ಲ. ಅವಳು ಒಳಗೆ ಹೋಗಿ, ನೆಲಕ್ಕೆ ಬಿದ್ದಿದ್ದ ಕೊಳಪೆ ಎತ್ತಿಕೊಂಡು ಬೆಂಕಿ ಊದಿದಳು. ತಾಯಿ ಮಗಳ ಹೊಟ್ಟೆ ಹಸಿದಿರುತ್ತದೆ ಎಂಬ ಯೋಚನೆ ಅವಳಿಗೆ.

ನಾಲ್ಕು ದಿನ ಕಳೆಯಿತು. ಅಷ್ಟು ದಿನವೂ ರಾಜಮಣಿ ಅವ್ವನ ಜೊತೆ ಬೇಕಾದಷ್ಟೇ ಮಾತಾಡಿದಳು. ಅವ್ವ ಒತ್ತಾಯ ಮಾಡಲಿಲ್ಲ.

ತುಳಸಿ ಮೊದಲೆರಡು ದಿನ ಗೋಡೆ ಕಡೆ ತಿರುಗಿ ಮಲಗಿದ್ದಳು. ಮೂರನೇ ದಿನ ಹೊಳೆಯ ಮೆಟ್ಟಿಲ ಮೇಲೆ ಬಂದು ರಾಜಮಣಿಯ ಪಕ್ಕ ಕೂತಳು. ಅಪ್ಪನ ಮೇಲೆ ಕೋಪ ಎಂದಳು. ಅಮ್ಮನ ಮೇಲೆ ಇನ್ನೂ ಜಾಸ್ತಿ ಕೋಪ ಎಂದಳು. ನಿಮ್ಮ ಮೇಲೂ ಇದೆ ಎಂದಳು.

"ಇರಲಿ" ಎಂದಳು ರಾಜಮಣಿ.

ಹುಡುಗಿ ಹೇಳುತ್ತಾ ಹೋದಳು. ರಾಜಮಣಿ ಕೇಳುತ್ತಾ ಕೂತಳು. ಬಿಸಿಲು ನೆತ್ತಿಗೇರುವವರೆಗೂ ಇಬ್ಬರೂ ಏಳಲಿಲ್ಲ. ಹಾಗೆ ಕೂತಿದ್ದಾಗ ಯಾರೋ ತನ್ನನ್ನು ಹಿಡಿದು ಕೂರಿಸಿದ್ದಾರೆ ಎಂದು ರಾಜಮಣಿಗೆ ಒಮ್ಮೆಯೂ ಅನ್ನಿಸಲಿಲ್ಲ.

ಐದನೆಯ ದಿನ ಬೆಳಿಗ್ಗೆ ಮರಿಸ್ವಾಮಿ ಬಂದ. ಪೊಲೀಸಿನವರು ಅವನನ್ನು ಠಾಣೆಗೆ ಕರೆಸಿ, ಎಚ್ಚರಿಕೆ ಕೊಟ್ಟು, ಕರೆದಾಗ ಬರಬೇಕೆಂದು ಬರೆಸಿಕೊಂಡು ಬಿಟ್ಟಿದ್ದರು. ಗಡ್ಡ ಬೆಳೆದಿತ್ತು. ಮಗಳನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದ.

ಬಾಗಿಲಲ್ಲಿ ರಾಜಮಣಿ ನಿಂತಿದ್ದಳು. ಅವಳ ಹಿಂದೆ ಅಂಗಳದಲ್ಲಿ ತುಳಸಿ ಎಡಗೈಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಅಪ್ಪನ ಧ್ವನಿ ಕೇಳಿ ಅವಳ ಕೈ ನಿಂತಿತು.

"ತಾಯಿ, ಆವತ್ತು ನೀವು ಬೈದಿದ್ದು ಸರಿ" ಎಂದ ಮರಿಸ್ವಾಮಿ. "ನಾನು ಪಾಪಿ. ಒಂದು ಸಲ ಮಗಳ ಮುಖ ನೋಡಿ, ಕಾಲು ಹಿಡ್ಕೊಂಡು..."

ಅವನ ಕಣ್ಣು ತುಂಬಿತು. ರಾಜಮಣಿಯ ಬಲಗೈ ಮುಂದಕ್ಕೆ ಹೋಗಲು ಮಿಸುಕಿತು. ಅಳುವವರನ್ನು ಕಂಡರೆ ಸವರಲು ಹೋಗುವ ಕೈ ಅದು, ಚಿಕ್ಕಂದಿನಿಂದ ಹಾಗೇ ಪಳಗಿತ್ತು. ಅವಳು ಆ ಕೈಯಿಂದ ಬಾಗಿಲ ಚಿಲಕ ಹಿಡಿದುಕೊಂಡಳು.

"ಇಲ್ಲಿ ಅಳಬೇಡಿ" ಎಂದಳು. 

ಈ ಸಲ ಅವಳು ಕೂಗಲಿಲ್ಲ.

"ನನ್ನ ಎದುರಿಗೆ ಅಳಬೇಡಿ. ಮಗಳ ಎದುರಿಗೂ ಅಳಬೇಡಿ. ನಿಮ್ಮ ಕಣ್ಣು ಒರೆಸೋದು ಅವಳ ಕೆಲಸ ಅಲ್ಲ, ನನ್ನ ಕೆಲಸಾನೂ ಅಲ್ಲ. ಹೊಳೆ ಹತ್ತಿರ ಆ ಕಡೆ ಕಟ್ಟೆ ಇದೆ. ಅವ್ವ ಅಲ್ಲಿ ಕೂತಿರ್ತಾರೆ. ನಿಮ್ಮ ಮಾತು ಅವರು ಕೇಳ್ತಾರೆ. ಎಷ್ಟು ದಿನ ಬೇಕಾದರೂ ಬನ್ನಿ. ಈ ಬಾಗಿಲು ದಾಟೋದು ಮಾತ್ರ ತುಳಸಿ ಬಾ ಅಂದ ದಿನ."

"ಅವಳು ಬಾ ಅನ್ನದಿದ್ರೆ?"

"ಇಲ್ಲ."

ಮರಿಸ್ವಾಮಿಯ ದವಡೆ ಬಿಗಿಯಿತು. ಕೈ ಮುಷ್ಟಿಯಾಯಿತು. ಅದನ್ನು ರಾಜಮಣಿ ನೋಡಿದಳು. ಜಗುಲಿಯ ಮೇಲಿದ್ದ ಜವರಯ್ಯ ಎದ್ದು ನಿಂತ.

ರಾಜಮಣಿ ಅಲುಗಲಿಲ್ಲ. ಅವನ ಮುಷ್ಟಿಯಿಂದ ಕಣ್ಣು ಕೀಳಲಿಲ್ಲ.

ಸ್ವಲ್ಪ ಹೊತ್ತಿಗೆ ಮುಷ್ಟಿ ಸಡಿಲವಾಯಿತು. ಅವನು ಬಾಗಿಲ ಆಚೆಯಿಂದಲೇ ಒಮ್ಮೆ ಒಳಗೆ ಇಣುಕಿದ. ತುಳಸಿ ತಲೆ ಎತ್ತಲಿಲ್ಲ. ಅವನು ತಿರುಗಿ ಹೊಳೆಯ ಕಡೆ ನಡೆದ.

ಅವ್ವ ಅವನ ಜೊತೆ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದಳು. ಅವನು ಹೋದ ಮೇಲೆ ನಿಧಾನವಾಗಿ ನಡೆದುಕೊಂಡು ಬಂದಳು. ರಾಜಮಣಿ ಇನ್ನೂ ಬಾಗಿಲಲ್ಲೇ ಇದ್ದಳು.

"ನಾಳೆಯೂ ಬರ್ತಾನಂತೆ" ಎಂದಳು ಅವ್ವ. "ಬಂದರೆ ನೋಡೋಣ."

ಅವ್ವ ಒಳಗೆ ಹೋಗಲಿಲ್ಲ, ಅಲ್ಲೇ ನಿಂತಳು.

"ಅವ್ವ."

ಐದು ದಿನದಲ್ಲಿ ಮೊದಲ ಸಲ ಅವಳು ಹಾಗೆ ಕರೆದಿದ್ದು.

"ಹೇಳು."

"ಕೋಪ ಹೋಗಿಲ್ಲ. ಅವನ ಮೇಲಿಂದೂ ಹೋಗಿಲ್ಲ, ನಮ್ಮಪ್ಪನ ಮೇಲಿಂದೂ ಹೋಗಿಲ್ಲ. ನಿಮ್ಮ ಮೇಲಿಂದೂ ಪೂರ್ತಿ ಹೋಗಿಲ್ಲ."

"ಕಾಣ್ತಿದೆ."

"ಇಷ್ಟು ಕೋಪ ಇಟ್ಕೊಂಡಿರೋಳು ಇಲ್ಲಿರಬಹುದಾ? ಇಲ್ಲ, ಹೊರಟುಬಿಡ್ಲಾ?"

ಅವ್ವ ಅಂಗಳದ ಕಡೆ ನೋಡಿದಳು.

"ಮೊದಲ ದಿನ ನೀನು ಅವನ ಮೇಲೆ ಕೂಗಿದೆಯಲ್ಲ, ಆಗ ಆ ಹುಡುಗಿ ಎಲ್ಲಿದ್ದಳು?"

"ಅವಳ ಮನೆಯಲ್ಲಿ."

"ಇವತ್ತು?"

ರಾಜಮಣಿ ತಿರುಗಿ ನೋಡಿದಳು. ತುಳಸಿ ಸೊಪ್ಪಿನ ಮೊರ ಪಕ್ಕಕ್ಕಿಟ್ಟು, ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಗೆ ಒರಗಿ ನಿದ್ದೆಹೋಗಿದ್ದಳು.

"ನನ್ನ ಬೆನ್ನ ಹಿಂದೆ."

"ಹಾಗಾದರೆ ಜಾಗ ಬಿಡಬೇಡ" ಎಂದಳು ಅವ್ವ.